ಆಳೂ ಆಳ್ದನೂ: ಮಾನ್ಯಖೇಟದಿಂದ ಮರತೂರಿನವರೆಗೆ

ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ಈಗ ಸೇಡಂ ತಾಲೂಕಿನ ಒಂದು ಸಾಧಾರಣ ಗ್ರಾಮ. ಕುಸಿದುಬಿದ್ದ ಕೋಟೆ, ಒಂದು ಹಳೆಯ ಬಸದಿ, ಅಲ್ಲಲ್ಲಿ ಮಣ್ಣಿನಿಂದ ತಲೆಯೆತ್ತಿರುವ ಕಲ್ಲುಗಳು, ಇವಿಷ್ಟನ್ನು ಬಿಟ್ಟರೆ ರಾಷ್ಟ್ರಕೂಟರ ಮಾನ್ಯಖೇಟವು ಇದೇ ಎಂದು ಸಾರುವ ವೈಭವವೇನೂ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆ ವಂಶದ ದಿಗ್ವಿಜಯಗಳನ್ನೂ, ನೃಪತುಂಗನ ವಿದ್ಯಾಪಕ್ಷಪಾತವನ್ನೂ ಕುರಿತು ಬೇಕಾದಷ್ಟು ಬರೆದಾಗಿದೆ. ಆದರೆ ಅಂಥ ರಾಜಧಾನಿಯಲ್ಲಿ ದುಡಿದವರು ಎಷ್ಟು ಜನ, ಅವರಿಗೆ ಸಂಬಳ ಸಲ್ಲುತ್ತಿದ್ದುದು ಹೇಗೆ, ಒಡೆಯನಿಗೆ ಅವರು ಏನು ಸಲ್ಲಿಸಬೇಕಾಗಿತ್ತು, ಒಡೆಯನು ಅವರಿಗೆ ಏನು ಸಲ್ಲಿಸಬೇಕಾಗಿತ್ತು ಎಂಬ ವಿಚಾರಕ್ಕೆ ಕೈಹಾಕಿದವರು ವಿರಳ. ಹಳಗನ್ನಡದಲ್ಲಿ ಸೇವಕನಿಗೆ ಆಳ್ ಎಂದೂ ಒಡೆಯನಿಗೆ ಆಳ್ದನ್ ಎಂದೂ ಹೆಸರು. ಒಬ್ಬನು ಆಳು, ಇನ್ನೊಬ್ಬನು ಆಳುವವನು. ಎರಡು ಮಾತುಗಳೂ ಕಿವಿಗೆ ಒಂದೇ ಬಗೆಯಾಗಿ ಕೇಳುತ್ತವೆ. ಇವರಿಬ್ಬರ ನಡುವಣ ಋಣಾನುಬಂಧವು ಹೇಗಿತ್ತೆಂಬುದಕ್ಕೆ ಈ ನೆಲದಲ್ಲಿಯೇ ಎರಡು ಬೇರೆಬೇರೆ ಉತ್ತರಗಳು ದೊರೆಯುತ್ತವೆ. ಒಂದು ಮಾನ್ಯಖೇಟದ ಕಾಲದ್ದು. ಮತ್ತೊಂದು ಅಲ್ಲಿಂದ ಬಹು ದೂರವಿಲ್ಲದ ಮರತೂರಿನ ಹೆಸರಿಗೆ ಸೇರಿದ್ದು.

ಮೊದಲು ಪರದೇಶದವನೊಬ್ಬನ ಸಾಕ್ಷ್ಯವನ್ನು ಕೇಳಬಹುದು. ಕ್ರಿ. ಶ. 851ರಲ್ಲಿ, ಎಂದರೆ ಅಮೋಘವರ್ಷನು (814-878) ಸಿಂಹಾಸನದಲ್ಲಿದ್ದಾಗಲೇ, ಅರಬ ವರ್ತಕನಾದ ಸುಲೈಮಾನನ ವೃತ್ತಾಂತವು ಬರಹಕ್ಕೆ ಇಳಿಯಿತು. ಅವನು ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದು ಕರೆದು, ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ್ದಾನೆ. ‘ಬಲ್ಹರಾ’ ಎಂಬುದು ‘ವಲ್ಲಭರಾಜ’ ಎಂಬ ಬಿರುದಿನ ಅರಬೀ ಉಚ್ಚಾರ. ಈ ಹೊಗಳಿಕೆಯನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಬೆನ್ನಿಗೇ ಇರುವ ಇನ್ನೊಂದು ಮಾತು ಮಾತ್ರ ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಈ ಅರಸನು ಅರಬರ ಪದ್ಧತಿಯಂತೆ ತನ್ನ ಸೈನಿಕರಿಗೆ ಕ್ರಮವಾಗಿ ವೇತನ ಕೊಡುತ್ತಾನೆಂದು ಸುಲೈಮಾನನು ಹೇಳುತ್ತಾನೆ. ಹಿಂದೂಸ್ಥಾನದ ಇತರ ಅರಸರ ವಿಷಯದಲ್ಲಿ ಅವನ ಅಭಿಪ್ರಾಯವೇ ಬೇರೆ. ಅವರ ದಂಡು ದೊಡ್ಡದಾದರೂ ಅದಕ್ಕೆ ಸಂಬಳವಿಲ್ಲ, ಕರೆ ಬಂದಾಗ ಜನರು ತಮ್ಮ ಖರ್ಚನ್ನು ತಾವೇ ವಹಿಸಿಕೊಂಡು ಬರುತ್ತಾರೆ ಎಂದು ಅವನು ತಿಳಿಸುತ್ತಾನೆ. ಪರದೇಶೀಯ ವರ್ತಕನಿಗೆ ಎಲ್ಲ ಸಂಗತಿಯೂ ಸರಿಯಾಗಿ ತಿಳಿದಿರಲಾರದು, ನಿಜ. ಆದರೂ ವರ್ತಕನ ಕಣ್ಣು ಹಣಕಾಸಿನ ವಿಷಯದಲ್ಲಿ ತೀಕ್ಷ್ಣವಾಗಿರುತ್ತದೆ. ದುಡಿದವನಿಗೆ ಹೊತ್ತಿಗೆ ಸರಿಯಾಗಿ ಸಂಬಳ ಮುಟ್ಟುತ್ತಿತ್ತೆಂಬುದು ಮಾನ್ಯಖೇಟದ ಕೀರ್ತಿಯ ಒಂದು ಭಾಗವಾಗಿ ಸಮುದ್ರದಾಚೆಗೂ ಕೇಳಿಬಂದಿತ್ತೆಂಬುದು ಅಲಕ್ಷ್ಯ ಮಾಡತಕ್ಕ ಸಂಗತಿಯಲ್ಲ.

ನಗದು ವೇತನವಲ್ಲದೆ ಭೂಮಿಯ ರೂಪದ ವೇತನವೂ ಇತ್ತು. ಸೇವೆ ಮಾಡಿದವನ ಜೀವನಕ್ಕಾಗಿ ಬಿಟ್ಟುಕೊಟ್ಟ ನೆಲ ಅಥವಾ ಊರಿನ ಉತ್ಪನ್ನಕ್ಕೆ ಶಾಸನಗಳಲ್ಲಿ ‘ಜೀವಿತ’ವೆಂದು ಹೆಸರು, ಅರಸನ ಪ್ರೀತಿಪಾತ್ರರಿಗೆ ಕೊಟ್ಟದ್ದು ‘ಅಣುಗಜೀವಿತ’. ಈ ಜೀವಿತವೆಂಬ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಮುಂದಿನ ಗತಿ ವಿಚಿತ್ರವಾದುದು.

ಆದರೆ ಆ ಕಾಲದ ಆಳಿನ ಮನಸ್ಸನ್ನು ಕಟ್ಟಿಹಾಕಿದ್ದು ಲೆಕ್ಕದ ವೇತನಕ್ಕಿಂತ ಹೆಚ್ಚಾಗಿ ಅನ್ನದ ಋಣ. ಇದಕ್ಕೆ ಜೋಳದ ಪಾಳಿ ಅಥವಾ ಜೋಳವಾಳಿ ಎಂದು ಹೆಸರು. ಪಾಳಿ ಎಂದರೆ ಕ್ರಮ, ಮೀರಬಾರದ ಕಟ್ಟಳೆ. ಯಾರ ಜೋಳವನ್ನು ಉಂಡೆವೋ ಅವರಿಗಾಗಿ ಪ್ರಾಣ ಕೊಡುವುದೇ ಆ ಕಟ್ಟಳೆ. ಇದನ್ನು ಅಕ್ಕಿಯ ಹೆಸರಿನಿಂದ ಕರೆಯದೆ ಜೋಳದ ಹೆಸರಿನಿಂದ ಕರೆದುದರಲ್ಲಿ ಆಶ್ಚರ್ಯವಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕರಿನೆಲದಲ್ಲಿ ಊಟವೆಂದರೆ ಇಂದಿಗೂ ಮೊದಲು ನೆನಪಾಗುವುದು ಜೋಳದ ರೊಟ್ಟಿಯೇ. ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಶ್ರಯದಲ್ಲಿ ಪಂಪನು 941ರಲ್ಲಿ ಮುಗಿಸಿದ ‘ವಿಕ್ರಮಾರ್ಜುನವಿಜಯ’ದ ಕರ್ಣನನ್ನು ಈ ಕಟ್ಟಳೆಯ ಬೆಳಕಿನಲ್ಲಿಯೇ ನೋಡಬೇಕು. ತಾನು ಪಾಂಡವರ ಅಣ್ಣನೆಂದು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಟ್ಟು ಬರಲಿಲ್ಲ. ರಕ್ತಸಂಬಂಧಕ್ಕಿಂತ ಉಂಡ ಅನ್ನದ ಸಂಬಂಧ ದೊಡ್ಡದೆಂಬುದನ್ನು ಆ ಕಾಲದ ಕೇಳುಗರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಜೋಳವಾಳಿಗಿಂತ ಕಠೋರವಾದುದು ವೇಳೆವಾಳಿ. ಒಡೆಯನು ಸತ್ತ ವೇಳೆಯಲ್ಲಿ ತಾನೂ ಸಾಯುವೆನೆಂದು ಮಾಡಿದ ಪ್ರತಿಜ್ಞೆ ಇದು; ಯುದ್ಧವೇ ಆಗಬೇಕೆಂಬ ನಿಯಮವಿಲ್ಲ. ಅಮೋಘವರ್ಷನ ಸಮಕಾಲೀನನಾದ ಗಂಗರ ನೀತಿಮಾರ್ಗನು ಮರಣಹೊಂದಿದಾಗ ಅವನ ಮನೆಯ ಸೇವಕ ಅಗರಯ್ಯನು ‘ಕೀಳ್ಗುಂಠೆ’ಯಾದನೆಂದು ದೊಡ್ಡಹುಂಡಿಯ ಕಲ್ಲು ತಿಳಿಸುತ್ತದೆ. ಕೀಳ್ಗುಂಠೆಯೆಂದರೆ ಒಡೆಯನ ದೇಹದ ಕೆಳಗಿನ ಕುಣಿಯಲ್ಲಿ ತಾನೂ ಹುಗಿಯಲ್ಪಡುವುದು. ಅರಸನು ಮಂಚದ ಮೇಲೆ ಕೊನೆಯುಸಿರೆಳೆಯುತ್ತಿರುವುದನ್ನೂ ಆ ಸೇವಕನು ಬಳಿಯಲ್ಲಿ ಕುಳಿತಿರುವುದನ್ನೂ ಶಿಲ್ಪಿಯು ಅದೇ ಕಲ್ಲಿನಲ್ಲಿ ಕೆತ್ತಿದ್ದಾನೆ. ಈ ಸಂಪ್ರದಾಯವು ಹೊಯ್ಸಳರ ಕಾಲಕ್ಕೆ ಇನ್ನೂ ಬೆಳೆದು, ಸುಮಾರು 1220ರಲ್ಲಿ ಇಮ್ಮಡಿ ಬಲ್ಲಾಳನು ಸತ್ತಾಗ ಕುವರಲಕ್ಷ್ಮನು ಹೆಂಡತಿಯೊಡನೆಯೂ ತನ್ನ ಲೆಂಕರೊಡನೆಯೂ ಪ್ರಾಣ ಬಿಟ್ಟನು. ಹಳೇಬೀಡಿನ ಕಂಬದ ಶಾಸನವೇ ಅದಕ್ಕೆ ಸಾಕ್ಷಿ. ಇವುಗಳನ್ನು ಓದುವಾಗ ಮೈ ಜುಮ್ಮೆನ್ನುವುದು ಸಹಜ. ಆದರೆ ಗೌರವದ ಜೊತೆಗೆ ಒಂದು ಪ್ರಶ್ನೆಯೂ ಏಳಬೇಕು: ಆಳಿನ ಪ್ರಾಣವನ್ನೇ ಬೇಡುವ ಈ ಕಟ್ಟಳೆಯಲ್ಲಿ ಆಳ್ದನ ಪಾಲಿನ ಕರ್ತವ್ಯವೇನು?

ಇದಕ್ಕೆ ಆತಕೂರಿನ ಶಾಸನವು ಒಂದು ಸ್ವಾರಸ್ಯವಾದ ಉತ್ತರವನ್ನು ಕೊಡುತ್ತದೆ. ಕ್ರಿ. ಶ. 949ರ ಸುಮಾರಿಗೆ ಮಾನ್ಯಖೇಟದ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಘೋರ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನು. ಕೃಷ್ಣನು ಮೆಚ್ಚಿ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೊಟ್ಟನು. ಇದು ದೊಡ್ಡವರ ಲೆಕ್ಕವಾಯಿತು. ಬೂತುಗನ ಕೈಕೆಳಗೆ ಮಣಲರನೆಂಬ ವೀರನಿದ್ದನು. ಅದೇ ಯುದ್ಧದಲ್ಲಿ ಅವನೂ ಪರಾಕ್ರಮ ತೋರಿದನು. ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳಿಕೊಳ್ಳೆಂದಾಗ ಮಣಲರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಒಡೆಯನ ಬೇಟೆಯ ನಾಯಿ ‘ಕಾಳಿ’ಯನ್ನು ಬೇಡಿದನು. ಅದು ದೊರೆಯಿತು. ಮುಂದೆ ಆ ನಾಯಿಯು ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲರನು ಆತಕೂರಿನ ಚಲ್ಲೇಶ್ವರ ದೇವಾಲಯದ ಎದುರಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಈ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಂದಿ ನಾಯಿಗಳ ಕಾದಾಟವು ಅದರ ಮೇಲೆ ಚೆನ್ನಾಗಿ ಮೂಡಿದೆ.

ಇಲ್ಲಿ ಕ್ರಮವನ್ನು ಗಮನಿಸಬೇಕು. ಚಕ್ರವರ್ತಿಯು ಸಾಮಂತನಿಗೆ, ಸಾಮಂತನು ಭಟನಿಗೆ, ಭಟನು ನಾಯಿಗೆ, ಹೀಗೆ ಮೆಚ್ಚುಗೆಯು ಮೆಟ್ಟಿಲು ಮೆಟ್ಟಿಲಾಗಿ ಇಳಿದುಬಂದಿದೆ. ಬೂತುಗನು ಮಣಲರನಿಗೆ ಊರುಗಳನ್ನೂ ‘ಬಾಳ್ಗಚ್ಚು’ ಎಂದು ಕೊಟ್ಟನು. ಎಂದರೆ ಖಡ್ಗವನ್ನು ತೊಳೆದು ಕೊಟ್ಟ ದತ್ತಿ. ಶಾಸನದ ಕೊನೆಯ ಶಾಪವು ಇನ್ನೂ ಅರ್ಥವತ್ತಾದುದು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಅದರಲ್ಲಿ ಬರೆದಿದೆ. ಉಣ್ಣುವ ಮೊದಲು ಕೆಲಸವಾಗಬೇಕು. ಕೆಲಸಕ್ಕಾಗಿ ಕೊಟ್ಟ ನೆಲದ ಅನ್ನವನ್ನು ಕೆಲಸ ಮಾಡದೆ ಉಣ್ಣಬಾರದು. ಜೋಳವಾಳಿಯ ತತ್ತ್ವವೇ ಇಲ್ಲಿ ಪೂಜಾರಿಯವರೆಗೂ ಬಂದು ಮುಟ್ಟಿದೆ.

ಆಳ್ದನೇ ತ್ಯಾಗ ಮಾಡಿದ ನಿದರ್ಶನವೂ ಇಲ್ಲದಿಲ್ಲ. ಪ್ರಜೆಗಳಿಗೆ ಒದಗಿದ ಉಪದ್ರವದ ನಿವಾರಣೆಗಾಗಿ ಅಮೋಘವರ್ಷನು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಪಟಗಳು ಹೇಳುತ್ತವೆ. ಅವನ ದಂಡನಾಯಕ ಬಂಕೆಯನು ಕೇಳಿಕೊಂಡಾಗ, 860ರಲ್ಲಿ ಅದೇ ದೊರೆಯು ಕೊಳನೂರಿನ ಜಿನಾಲಯಕ್ಕೆ ತಲೆಯೂರನ್ನು ದತ್ತಿ ಬಿಟ್ಟನು. ಕೊಣ್ಣೂರಿನ ಶಾಸನವು ಬಂಕೆಯನ ಸೇವೆಯನ್ನು ಬಾಯಿತುಂಬ ಹೊಗಳುತ್ತದೆ. ಇವೆಲ್ಲವೂ ಉದಾರವಾದ ಮನಸ್ಸಿನ ಕುರುಹುಗಳು. ಆದರೆ ಉದಾರತೆ ಬೇರೆ, ಹಕ್ಕು ಬೇರೆ. ಬೂತುಗನು ನಾಯಿಯನ್ನು ಕೊಡೆನೆಂದಿದ್ದರೆ ಮಣಲರನು ಯಾರ ಬಳಿಗೆ ಹೋಗಬೇಕಾಗಿತ್ತು? ಜೋಳವುಂಡವನು ಪ್ರಾಣ ಕೊಡದಿದ್ದರೆ ಅವನಿಗೆ ಅಪಕೀರ್ತಿ. ಜೋಳ ಕೊಡಬೇಕಾದವನು ಕೊಡದಿದ್ದರೆ ಏನೆಂಬುದನ್ನು ಯಾವ ವೀರಗಲ್ಲೂ ಹೇಳುವುದಿಲ್ಲ. ಮೇಲಾಗಿ ಕಲ್ಲು ನಿಂತಿದ್ದು ಕತ್ತಿ ಹಿಡಿದವರಿಗೆ. ಕೋಟೆಯ ಕಲ್ಲನ್ನು ಹೊತ್ತವರಿಗೂ ಹೊಲದ ಜೋಳವನ್ನು ಕೊಯ್ದವರಿಗೂ ಕಲ್ಲು ನಿಲ್ಲಿಸಿದವರು ಕಾಣರು.

ಆಳ್ದನೇ ಇಲ್ಲವಾದಾಗ ಆಳುಗಳ ಗತಿಯೇನೆಂಬುದನ್ನು ಮಾನ್ಯಖೇಟವು 972ರಲ್ಲಿ ಕಂಡಿತು. ಆ ವರ್ಷ ಮಾಳವದ ಪರಮಾರ ಸೀಯಕನು ನಗರವನ್ನು ಸೂರೆಗೊಂಡನು. ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ ಅಪಭ್ರಂಶ ಭಾಷೆಯ ಮಹಾಪುರಾಣವನ್ನು ಬರೆದ ಪುಷ್ಪದಂತ ಕವಿಯು ಆಗ ಇಲ್ಲಿಯೇ ಇದ್ದನು. ಬಡವರಿಗೆ ಆಸರೆಯಾಗಿದ್ದ ನಗರವು ಸುಟ್ಟುಹೋಯಿತು, ಪುಷ್ಪದಂತನು ಇನ್ನು ಎಲ್ಲಿ ವಾಸಿಸಬೇಕು ಎಂದು ಅವನು ಕೊರಗಿದನು. ದಾಕ್ಷಿಣ್ಯವನ್ನೇ ನಂಬಿದ ಬದುಕಿಗೆ ದಾಕ್ಷಿಣ್ಯದ ಬಾಗಿಲು ಮುಚ್ಚಿದ ಮೇಲೆ ಬೇರೆ ಬಾಗಿಲಿರಲಿಲ್ಲ.

ನೂರು ವರ್ಷಗಳ ತರುವಾಯ, ಅದೇ ಸೀಮೆಯಲ್ಲಿ, ಪ್ರಶ್ನೆಯನ್ನು ಬೇರೊಂದು ದಾರಿಯಿಂದ ಬಿಡಿಸಿದ ಪಂಡಿತನೊಬ್ಬನು ಕಾಣಿಸಿಕೊಂಡನು. ಅವನೇ ವಿಜ್ಞಾನೇಶ್ವರ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076-1126) ಕಾಲದವನು. ಪದ್ಮನಾಭ ಭಟ್ಟೋಪಾಧ್ಯಾಯನ ಮಗನು. ಶಹಾಬಾದಿನ ಬಳಿಯ ಮರತೂರು ಅವನ ಸ್ಥಳವೆಂದು ಈ ಭಾಗದಲ್ಲಿ ಬಲವಾದ ಪ್ರತೀತಿಯುಂಟು. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಹಿಂದೂ ಮನೆತನಗಳ ಆಸ್ತಿಯ ಪಾಲನ್ನು ಎಂಟುನೂರು ವರ್ಷಗಳಿಗೂ ಮೇಲ್ಪಟ್ಟು ನಿರ್ಣಯಿಸಿದ ಗ್ರಂಥ. ಆದರೆ ಅದರಲ್ಲಿ ದಾಯವಿಭಾಗವೊಂದೇ ಇರುವುದಲ್ಲ. ವ್ಯವಹಾರಾಧ್ಯಾಯದಲ್ಲಿ ‘ವೇತನಾದಾನ’ವೆಂಬ ಒಂದು ಪ್ರಕರಣವೇ ಇದೆ, ಒಪ್ಪಿಕೊಂಡ ಸೇವೆಯನ್ನು ಮಾಡದಿರುವ ವಿಷಯಕ್ಕೆ ಪ್ರತ್ಯೇಕವಾಗಿ ಇನ್ನೊಂದು ಪ್ರಕರಣವಿದೆ. ಸಂಬಳದ ಜಗಳವು ನ್ಯಾಯಸಭೆಯ ಮುಂದೆ ಬರತಕ್ಕ ವಿವಾದಗಳಲ್ಲಿ ಒಂದೆಂದು ಇದರಿಂದ ಸ್ಪಷ್ಟವಾಗುತ್ತದೆ.

ಈ ಪ್ರಕರಣದ ನಿಯಮಗಳು ಚಿಕ್ಕವು, ಆದರೆ ತೂಕವುಳ್ಳವು. ಸಂಬಳವನ್ನು ಮುಂದಾಗಿ ತೆಗೆದುಕೊಂಡು ಕೆಲಸ ಬಿಟ್ಟವನು ಇಮ್ಮಡಿಯಾಗಿ ಕೊಡಬೇಕು. ತೆಗೆದುಕೊಳ್ಳದೆ ಬಿಟ್ಟರೆ ಅಷ್ಟನ್ನೇ ಕೊಡಬೇಕು. ಕೆಲಸದ ಸಲಕರಣೆಗಳನ್ನು ಆಳುಗಳು ಕಾಪಾಡಬೇಕು. ಇಷ್ಟು ಆಳಿನ ಹೊಣೆ. ಇನ್ನು ಒಡೆಯನ ಹೊಣೆ: ಸಂಬಳ ಇಷ್ಟೆಂದು ಗೊತ್ತುಮಾಡದೆ ಒಬ್ಬನಿಂದ ಕೆಲಸ ಮಾಡಿಸಿಕೊಂಡರೆ, ವ್ಯಾಪಾರದಿಂದಾಗಲಿ ದನಗಳಿಂದಾಗಲಿ ಬೆಳೆಯಿಂದಾಗಲಿ ಬಂದ ಉತ್ಪನ್ನದ ಹತ್ತನೆಯ ಒಂದು ಭಾಗವನ್ನು ಅರಸನು ಆ ಕೆಲಸಗಾರನಿಗೆ ಕೊಡಿಸಬೇಕು. ಮಾತಾಡದೆ ದುಡಿಸಿಕೊಂಡ ಮಾತ್ರಕ್ಕೆ ಕೂಲಿಯು ಇಲ್ಲವಾಗುವುದಿಲ್ಲವೆಂದು ಅರ್ಥ. ಹೇಳಿದುದಕ್ಕಿಂತ ಹೆಚ್ಚು ಲಾಭ ತಂದುಕೊಟ್ಟವನಿಗೆ ಹೆಚ್ಚು ಕೊಡಬೇಕು. ಇಬ್ಬರು ಕೂಡಿ ಮಾಡಬೇಕಾದ ಕೆಲಸವು ಮುಗಿಯದೆ ಉಳಿದರೆ ಯಾರು ಎಷ್ಟು ಮಾಡಿದರೋ ಅಷ್ಟರ ವೇತನ ಅವರಿಗೆ ಸಲ್ಲಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಹೊರೆಯಾಳಿನ ವಿಷಯದ ನಿಯಮ. ಹೊರಡುವಾಗಲೇ ಕೆಲಸ ಬಿಟ್ಟರೆ ವೇತನದ ಏಳನೆಯ ಒಂದು ಭಾಗ, ದಾರಿಯಲ್ಲಿ ಬಿಟ್ಟರೆ ನಾಲ್ಕನೆಯ ಒಂದು ಭಾಗ, ಅರ್ಧ ದಾರಿಯಲ್ಲಿ ಬಿಟ್ಟರೆ ಪೂರ್ತಿ ವೇತನವನ್ನು ಅವನು ತೆರಬೇಕು. ಇಷ್ಟೇ ಆಗಿದ್ದರೆ ಇದೂ ಒಡೆಯರಿಗಾಗಿ ಒಡೆಯರೇ ಮಾಡಿಕೊಂಡ ಕಟ್ಟಳೆಯೆನ್ನಬಹುದಾಗಿತ್ತು. ಆದರೆ ಶ್ಲೋಕದ ತುದಿಯಲ್ಲಿ ಇನ್ನೊಂದು ಸಣ್ಣ ಮಾತು ಸೇರಿದೆ: ಬಿಡಿಸಿದವನಿಗೂ ಇದೇ ನಿಯಮ. ಎಂದರೆ ಆಳನ್ನು ನಡುದಾರಿಯಲ್ಲಿ ಕೈಬಿಟ್ಟ ಒಡೆಯನೂ ಅದೇ ಪ್ರಮಾಣದಲ್ಲಿ ತೆರಬೇಕು. ಬಿಸಿಲಿನಲ್ಲಿ ಮೂಟೆ ಹೊತ್ತವನನ್ನೂ ಮೂಟೆಯ ಯಜಮಾನನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಮಾತಿದು. ಕಾಯಿಲೆ ಬಿದ್ದ ಕೆಲಸಗಾರನು ಗುಣವಾದ ಮೇಲೆ ಬಂದು ಒಪ್ಪಿದ ಕೆಲಸವನ್ನು ಮುಗಿಸಿದರೆ, ಎಷ್ಟು ಕಾಲ ಕಳೆದಿದ್ದರೂ ಅವನ ವೇತನ ಅವನಿಗೆ ಸಲ್ಲಬೇಕೆಂದು ಮನುವೂ ವಿಧಿಸಿದ್ದಾನೆ.

ಜೋಳವಾಳಿಯೊಡನೆ ಹೋಲಿಸಿ ನೋಡಬೇಕಾದ ಇನ್ನೊಂದು ವಿಷಯವಿದೆ. ಅನ್ನಕ್ಕಾಗಿ ದಾಸನಾದವನಿಗೆ ಧರ್ಮಶಾಸ್ತ್ರದಲ್ಲಿ ‘ಭಕ್ತದಾಸ’ನೆಂದು ಹೆಸರು, ಭಕ್ತವೆಂದರೆ ಅನ್ನ. ಹೆಸರಿನಿಂದ ನೋಡಿದರೆ ಇವನೂ ಜೋಳವಾಳಿಯೇ. ಆದರೆ ವೀರಗಲ್ಲಿನ ಲೋಕದಲ್ಲಿ ಉಂಡ ಜೋಳದ ಋಣವು ಪ್ರಾಣದಿಂದ ಮಾತ್ರ ತೀರುತ್ತಿತ್ತು. ಯಾಜ್ಞವಲ್ಕ್ಯನ ಪ್ರಕಾರ ಅನ್ನವನ್ನು ಬಿಟ್ಟರೆ ಭಕ್ತದಾಸನು ಬಿಡುಗಡೆ ಹೊಂದುತ್ತಾನೆ. ಬಲಾತ್ಕಾರದಿಂದ ದಾಸನಾದವನೂ, ಕಳ್ಳರು ಮಾರಿದವನೂ ಬಿಡುಗಡೆಗೆ ಅರ್ಹರು. ಒಡೆಯನ ಪ್ರಾಣವನ್ನು ಉಳಿಸಿದವನೂ ದಾಸ್ಯದಿಂದ ಮುಕ್ತನು. ಅಗರಯ್ಯನ ಕಲ್ಲಿನಲ್ಲಿ ಒಡೆಯನಿಗಾಗಿ ಪ್ರಾಣ ಕೊಡುವುದು ಸೇವೆಯ ತುತ್ತತುದಿ. ಇಲ್ಲಿ ಒಡೆಯನಿಗೆ ಪ್ರಾಣ ಕೊಡುವುದೇ ಸೇವೆಯ ಕೊನೆ. ಎರಡೂ ಕಡೆ ಮಾತು ಪ್ರಾಣದಾನದ್ದೇ ಆದರೂ ಅರ್ಥಕ್ಕೆ ಎಷ್ಟು ಅಂತರ!

ಇಷ್ಟರಿಂದ ಮಿತಾಕ್ಷರೆಯ ಕಾಲವು ಕೂಲಿಕಾರರ ಸತ್ಯಯುಗವಾಗಿತ್ತೆಂದು ಭಾವಿಸುವುದು ತಪ್ಪಾದೀತು. ಅದೇ ಗ್ರಂಥವು ದಾಸ್ಯವನ್ನು ತೆಗೆದುಹಾಕಲಿಲ್ಲ; ಮೇಲಿನ ವರ್ಣದವನಿಗೆ ಕೆಳಗಿನ ವರ್ಣದವನು ದಾಸನಾಗಬಹುದು, ಅದಕ್ಕೆ ವಿಲೋಮವಾಗಿ ಆಗಬಾರದು ಎಂಬ ನಿಯಮವನ್ನೂ ಅದು ಒಪ್ಪಿಕೊಂಡಿತು. ತಕ್ಕಡಿ ಸಮವಾಗಿದ್ದರೂ ಅದನ್ನು ಹಿಡಿದ ಕೈ ಯಾರದೆಂಬ ಪ್ರಶ್ನೆ ಉಳಿದೇ ಇತ್ತು. ಊರಿನ ಹೊಲೆಗೇರಿಯಿಂದ ನ್ಯಾಯಸಭೆಯವರೆಗಿನ ದಾರಿಯು ಮರತೂರಿನಿಂದ ಕಲ್ಯಾಣದವರೆಗಿನ ದಾರಿಗಿಂತ ಬಹು ಉದ್ದವಾದುದು.

ಮುಂದಿನ ಚರಿತ್ರೆಯು ಇನ್ನೂ ವಿಷಾದಕರ. 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯವಿಭಾಗವನ್ನು ಇಂಗ್ಲಿಷಿಗೆ ತಂದನು. ನ್ಯಾಯಾಲಯಗಳಲ್ಲಿ ವಿಜ್ಞಾನೇಶ್ವರನ ಹೆಸರು ದಿನಬೆಳಗಾದರೆ ಕೇಳಿಬರತೊಡಗಿತು. ಆದರೆ ಅದು ಆಸ್ತಿಯ ಪಾಲಿಗಾಗಿ ಮಾತ್ರ. ವೇತನಾದಾನದ ಪ್ರಕರಣವು ಪಂಡಿತರ ಕಪಾಟಿನಲ್ಲಿ ಉಳಿಯಿತು. ಆಸ್ತಿಯುಳ್ಳವರ ಜಗಳಕ್ಕೆ ಹಿಂದೂ ಧರ್ಮಶಾಸ್ತ್ರ ಬೇಕಾಯಿತು. ಕೂಲಿಯವರ ಜಗಳಕ್ಕೆ 1859ರಲ್ಲಿ ಬ್ರಿಟಿಷ್ ಸರಕಾರವು ಬೇರೊಂದು ಕಾಯಿದೆಯನ್ನು ಮಾಡಿತು. ಮುಂಗಡ ಪಡೆದು ಕೆಲಸ ಬಿಟ್ಟ ಕೆಲಸಗಾರನನ್ನು ಸೆರೆಮನೆಗೆ ಕಳಿಸಲು ಅದರಲ್ಲಿ ಅವಕಾಶವಿತ್ತು. ನಡುದಾರಿಯಲ್ಲಿ ಕೈಬಿಟ್ಟ ಯಜಮಾನನಿಗೆ ಅಂಥ ಶಿಕ್ಷೆಯಿರಲಿಲ್ಲ. ‘ಬಿಡಿಸಿದವನಿಗೂ’ ಎಂಬ ಆ ಸಣ್ಣ ಮಾತು ಅದರಲ್ಲಿ ಬಿಟ್ಟುಹೋಗಿತ್ತು. 1925ರ ಕಾಯಿದೆಯಿಂದ ಅದು ರದ್ದಾಯಿತು.

ಕಲಬುರ್ಗಿಯ ಸೀಮೆಯು ಆಗ ನಿಜಾಮರ ಆಳಿಕೆಯಲ್ಲಿತ್ತು. ಸಾಲಕ್ಕೆ ಸಿಕ್ಕಿ ಜಮೀನ್ದಾರನ ಹೊಲದಲ್ಲಿ ವರ್ಷಾನುಗಟ್ಟಲೆ, ಕೆಲವೊಮ್ಮೆ ತಲೆಮಾರುಗಳವರೆಗೆ ದುಡಿಯುವವರು ಆ ಸಂಸ್ಥಾನದಲ್ಲಿ ಬಹಳವಿದ್ದರು. ಸರಕಾರದ ಕಾಗದಪತ್ರಗಳಲ್ಲಿ ಇಂಥ ಆಳಿಗೆ ‘ಭಾಗೇಲಾ’ ಎಂದು ಹೆಸರು. 1936ರಲ್ಲಿ ಇಂಥ ಕರಾರುಗಳಿಗೆ ಮಿತಿ ಹಾಕುವ ಒಂದು ನಿಬಂಧನೆಯೂ ಹೊರಟಿತು. ಕನ್ನಡದ ರೈತನ ಬಾಯಲ್ಲಿ ಮಾತ್ರ ಅದು ‘ಜೀತ’. ಈ ಮಾತು ಬೇರೆ ಯಾವುದೂ ಅಲ್ಲ, ರಾಷ್ಟ್ರಕೂಟರ ಕಾಲದ ‘ಜೀವಿತ’ದ ತದ್ಭವವೇ. ದುಡಿದವನ ಬದುಕಿಗಾಗಿ ಕೊಟ್ಟ ವೇತನದ ಹೆಸರು, ದುಡಿದವನ ಬದುಕನ್ನೇ ತಿಂದ ಸಾಲದ ಹೆಸರಾಯಿತು. ಮೊದಲು ಸಂಬಳ, ಬಳಿಕ ಸಂಬಳದ ಆಳು, ಆಮೇಲೆ ಮುಂಗಡದ ಆಳು, ಕೊನೆಗೆ ಬಿಡುಗಡೆಯಿಲ್ಲದ ಆಳು. ಹೀಗೆ ಅರ್ಥವು ಹೆಜ್ಜೆ ಹೆಜ್ಜೆಯಾಗಿ ಇಳಿದಿರಬೇಕು. 1975ರ ಅಕ್ಟೋಬರಿನ ಸುಗ್ರೀವಾಜ್ಞೆಯೂ ಅದರ ಸ್ಥಾನದಲ್ಲಿ ಬಂದ 1976ರ ಕಾಯಿದೆಯೂ ಇಡೀ ದೇಶದಲ್ಲಿ ಜೀತವನ್ನು ನಿಷೇಧಿಸಿ, ಅದಕ್ಕೆ ಕಾರಣವಾದ ಸಾಲವನ್ನೇ ರದ್ದುಮಾಡಿದವು. ಭಕ್ತದಾಸನ ಬಿಡುಗಡೆಗಿಂತ ಇದು ಒಂದು ಹೆಜ್ಜೆ ಮುಂದಿನದು. ಇಲ್ಲಿ ಬಿಡುಗಡೆಗಾಗಿ ಆಳು ಏನನ್ನೂ ತಿರುಗಿ ಕೊಡಬೇಕಾಗಿಲ್ಲ.

ಅಷ್ಟರಲ್ಲಿ ಈ ನೆಲದ ಕೆಲಸವೂ ಬದಲಾಗಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದುಹೋಯಿತು. ಪದರು ಪದರಾಗಿ ಏಳುವ ಶಹಾಬಾದಿನ ಫರಸಿ ಕಲ್ಲು ಹೊರನಾಡಿನ ಮನೆಗಳ ನೆಲವಾಯಿತು. ಅದೇ ಸುಣ್ಣದ ಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆ ಶಹಾಬಾದಿನಲ್ಲಿ ಹುಟ್ಟಿ, 1936ರಲ್ಲಿ ಎ.ಸಿ.ಸಿ. ಸಂಸ್ಥೆಯಲ್ಲಿ ಸೇರಿತು, 1968ರಲ್ಲಿ ವಾಡಿಯಲ್ಲಿಯೂ 1984ರಲ್ಲಿ ಮಳಖೇಡದ ಬಳಿಯಲ್ಲಿಯೂ ದೊಡ್ಡ ಕಾರ್ಖಾನೆಗಳು ಎದ್ದವು. ಜೋಳದ ಹೊಲದಿಂದ ಎದ್ದುಬಂದವರು ಖಣಿಯ ಧೂಳಿನಲ್ಲಿಯೂ ಭಟ್ಟಿಯ ಬಿಸಿಯಲ್ಲಿಯೂ ನಿಂತರು. ಅಪಘಾತದ ಪರಿಹಾರಕ್ಕೆ 1923ರ ಕಾಯಿದೆ, ಸಂಬಳವು ಹೊತ್ತಿಗೆ ಸರಿಯಾಗಿ ಕೈಸೇರಲು 1936ರದು, ಕಾರ್ಖಾನೆಗೆ 1948ರದು, ಗಣಿಗೆ 1952ರದು, ಗುತ್ತಿಗೆಯ ಆಳುಗಳಿಗೆ 1970ರದು ಒಂದಾದ ಮೇಲೊಂದು ಬಂದವು. ಇವೂ ಇತರವೂ ಸೇರಿ 29 ಕಾಯಿದೆಗಳು 2025ರ ನವೆಂಬರಿನಲ್ಲಿ ನಾಲ್ಕು ಸಂಹಿತೆಗಳೊಳಗೆ ಅಡಕವಾದವು. ಸಂಬಳವನ್ನು ಗೊತ್ತುಮಾಡದೆ ದುಡಿಸಿಕೊಳ್ಳಬಾರದೆಂಬ ಹಳೆಯ ಮಾತಿಗೆ ಈಗ ನೇಮಕದ ಪತ್ರವೆಂದು ಹೆಸರು. ಅದನ್ನು ಪ್ರತಿಯೊಬ್ಬ ಕೆಲಸಗಾರನಿಗೂ ಕೊಡತಕ್ಕದ್ದೆಂದು ಈ ಸಂಹಿತೆಗಳು ವಿಧಿಸಿವೆ.

ಈ ಸೀಮೆಯ ಕಾರ್ಖಾನೆಗಳಲ್ಲಿ ಕೆಲಸದ ಸರದಿಗೆ ಪಾಳಿಯೆಂದೇ ಹೆಸರು; ಹಗಲು ಪಾಳಿ, ರಾತ್ರಿ ಪಾಳಿ. ಜೋಳದ ಪಾಳಿಯಲ್ಲಿದ್ದ ಶಬ್ದವೇ ಇದು. ಆ ಪಾಳಿಗೆ ಮುಗಿಯುವ ಹೊತ್ತೆಂಬುದಿರಲಿಲ್ಲ. ಈ ಪಾಳಿ ಎಂಟು ಗಂಟೆಗೆ ಮುಗಿಯುತ್ತದೆ, ಇಲ್ಲವೆ ಮುಗಿಯಬೇಕು. ಇನ್ನು ಜೀವಿತವೆಂಬ ಶಬ್ದದ ಮಾತು. ಸೇಡಂ ನಿಲ್ದಾಣದಿಂದ ಪೂರ್ವಕ್ಕೆ ಹೋಗುವ ಗಾಡಿಯು ಸ್ವಲ್ಪ ಹೊತ್ತಿನಲ್ಲಿ ಗಡಿಯನ್ನು ದಾಟಿ ತೆಲಂಗಾಣದ ತಾಂಡೂರನ್ನು ಮುಟ್ಟುತ್ತದೆ. ಅಲ್ಲಿಯ ತೆಲುಗು ಮನೆಗಳಲ್ಲಿ ತಿಂಗಳ ಕೊನೆಗೆ ಕೈಗೆ ಬರುವ ಸಂಬಳವನ್ನು ಇಂದಿಗೂ ‘ಜೀತಂ’ ಎಂದೇ ಕರೆಯುತ್ತಾರೆ.